ನೆರೆ ನೀರು ಕುಡಿದ ರೇಡಿಯೊ

2019ರ ಆಗಸ್ಟ್‌ನಲ್ಲಿ ಕೃಷ್ಣೆ ದಂಡೆ ಮೀರಿ ಬಂದಾಗ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಹೊಳೆಸಾಲಿನ ಹಳ್ಳಿಗಳಲ್ಲಿ ಜನ ಮೊದಲು ದನ ಬಿಚ್ಚಿದರು, ಆಮೇಲೆ ಜೋಳದ ಚೀಲ ಹೊತ್ತರು, ಕೈ ಬಿಡುವಾದವರು ಹಾಸಿಗೆ, ಪಾತ್ರೆ ಸಾಗಿಸಿದರು. ಅತ್ತ ನಿಪ್ಪಾಣಿ ಬಳಿಯ ಯಮಗರ್ಣಿಯಲ್ಲಿ ವೇದಗಂಗೆ ರಸ್ತೆಗೇ ಬಂದು ಪುಣೆ–ಬೆಂಗಳೂರು ಹೆದ್ದಾರಿ ನಿಂತುಹೋಗಿತ್ತು. ಅಂಥ ಹೊತ್ತಿನಲ್ಲಿ ಪಡಸಾಲೆಯ ಮಾಡದಲ್ಲಿ ಕೂತ ಹಳೆಯ ರೇಡಿಯೊವನ್ನು ಯಾರು ನೆನೆಯಬೇಕು? ಕಾಗವಾಡ ತಾಲ್ಲೂಕಿನ ಒಂದು ಮನೆಯಲ್ಲೂ ಹಾಗೆ ಕೂತಿದ್ದ ರೇಡಿಯೊವನ್ನು ಯಾರೂ ನೆನೆಯಲಿಲ್ಲ. ನೀರು ಇಳಿದು, ಗೋಡೆಯ ಮೇಲಿನ ಕೆಸರಿನ ಗೆರೆ ಒಣಗಿದ ಮೇಲೆ ಮನೆ ತೊಳೆಯಲು ಬಂದವರು ಅದನ್ನು ಮುರಿದ ಕಟ್ಟಿಗೆಯ ರಾಶಿಗೆ ಎಸೆಯುವವರಿದ್ದರು. ಊರಿಗೆಲ್ಲ ಮಾಸ್ತರು ಎಂದೇ ಗೊತ್ತಿರುವ ಮನೆಯ ಹಿರಿಯರು, ನಿವೃತ್ತ ವಿಜ್ಞಾನ ಶಿಕ್ಷಕರು, ಅಡ್ಡ ಬಂದರು.

"ಅದು ಅಜ್ಜಂದು. ಹಂಗ ಒಗೀಬ್ಯಾಡ್ರಿ."

ಮಗ ನಕ್ಕ. "ಅಪ್ಪಾ, ಅದರಾಗ ಈಗ ಹೊಳಿ ಮೀನಾ ಹಾಡ್ತಾವು."

ಪೆಟ್ಟಿಗೆಯ ಬ್ರ್ಯಾಂಡಿನ ಬಿಲ್ಲೆ ನೆರೆಗಿಂತ ಎಷ್ಟೋ ವರ್ಷ ಮೊದಲೇ ಉದುರಿ, ಸ್ಪೀಕರ್ ಬಟ್ಟೆಯ ಮೂಲೆಯಲ್ಲಿ ಎರಡು ತೂತು ಮಾತ್ರ ಉಳಿದಿದ್ದವು. ಮರ್ಫಿ, ಬುಷ್, ಫಿಲಿಪ್ಸ್, ಎಚ್‌ಎಂವಿ, ನ್ಯಾಶನಲ್ ಎಕೊ ಎಲ್ಲ ಓಡುತ್ತಿದ್ದ ಕಾಲ ಅದು. ಅಜ್ಜ ಅದನ್ನು ಮರ್ಫಿ ಎನ್ನುತ್ತಿದ್ದರು. ಆದರೆ ಅವರು ಕಂಡ ರೇಡಿಯೊಗಳಿಗೆಲ್ಲ ಮರ್ಫಿ ಎಂದೇ ಕರೆಯುತ್ತಿದ್ದುದರಿಂದ ಆ ಸಾಕ್ಷಿ ನಿಲ್ಲುವುದಿಲ್ಲ. ಒಳಗಿನ ವಾಲ್ವುಗಳು ಹೆಚ್ಚು ನಂಬಿಗಸ್ತರು. ಇಸಿಎಚ್ 81, ಇಎಫ್ 89, ಇಬಿಸಿ 81, ಇಎಲ್ 84, ಇಝಡ್ 80, ಮೇಲೊಂದು, ಸ್ಟೇಷನ್ನು ಹಿಡಿದದ್ದನ್ನು ತೋರಿಸುವ ಹಸಿರು ಕಣ್ಣಿನ ಇಎಂ 80. ಒಂಬತ್ತು ಪಿನ್ನಿನ ಈ ಗಾಜಿನ ವಾಲ್ವುಗಳ ಸರಣಿ ಕಂಡರೆ ಸೆಟ್ಟು 1950ರ ದಶಕದ ಕೊನೆಯದ್ದು ಅಥವಾ ಅದರ ತುಸು ಆಚೆಯದ್ದು ಎಂದು ಹೇಳಬಹುದು. ಕಬ್ಬಿನ ಬಿಲ್ಲು ಕೈಗೆ ಬಂದ ವರ್ಷ ಅಜ್ಜ ಮಿರಜಕ್ಕೆ ಹೋಗಿ ತಂದದ್ದು ಎಂಬ ಮನೆಯ ಕಥೆಗೂ ಅದು ಹೊಂದುತ್ತದೆ.

ರೇಡಿಯೊ ಬಿಚ್ಚುವುದು ಮಾಸ್ತರಿಗೆ ಹೊಸದಲ್ಲ. 1970ರ ಹೊತ್ತಿಗೆ ಅವರು ಹೈಸ್ಕೂಲು ಹುಡುಗ. ರಜೆ ಬಂದರೆ ಚಿಕ್ಕೋಡಿಯ ಸೋದರಮಾವನ ಮನೆ. ಆ ಮನೆಯ ಎದುರಿಗೇ ಒಂದು ರಿಪೇರಿ ಅಂಗಡಿ. ಮುಂದೆ ಒಂದು ಮರದ ಟೇಬಲ್ಲು, ಹಿಂದೆ ಬಾಯಿ ತೆರೆದ ಸೆಟ್ಟುಗಳ ಸಾಲು, ಗಾಳಿಯಲ್ಲಿ ರಾಳದ ಹೊಗೆ. ಅಂಗಡಿಯವರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು. ಹುಡುಗನಿಗೆ ಮೊದಲ ರಜೆಯಲ್ಲಿ ಸಿಕ್ಕ ಕೆಲಸ ಧೂಳು ಒರೆಸುವುದು, ಚಹಾ ತರುವುದು, ಬಿಚ್ಚಿದ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ತಟ್ಟೆಯೊಳಗೆ ಇಡುವುದು. ಸ್ಕ್ರೂಡ್ರೈವರ್ ಕೈಗೆ ಬಂದದ್ದು ಮುಂದಿನ ಬೇಸಿಗೆಗೆ.

ಕಾಕಾ ಹಿಂದಿನ ಹಲಗೆ ತೆಗೆದವರೇ ಮೊದಲು ಮೂಸುತ್ತಿದ್ದರು. "ಮೂಗಿಗೆ ಮೊದಲ ಕೆಲಸಾ ಕೊಡಬೇಕ, ತಮ್ಮಾ. ಕೈಗೆ ಆಮ್ಯಾಲ." ಟ್ರಾನ್ಸ್‌ಫಾರ್ಮರ್ ಸುಟ್ಟರೆ ವಾರ್ನಿಶಿನ ಘಾಟು, ರೆಸಿಸ್ಟರ್ ಸುಟ್ಟರೆ ಬೇರೆಯೇ ಕಮಟು. ಮೂಗಿನಿಂದಲೇ ಊರನ್ನೂ ಹೇಳುತ್ತಿದ್ದರು. ನಿಪ್ಪಾಣಿಯ ಸೆಟ್ಟು ಬಿಚ್ಚಿದರೆ ಇಡೀ ಅಂಗಡಿಗೆ ಸೀನು. ಬೀಡಿ ತಂಬಾಕಿನ ಪೇಟೆಯ ನಡುವೆ ವರ್ಷಗಟ್ಟಲೆ ಹಾಡಿದ ಪೆಟ್ಟಿಗೆಯ ವಾಲ್ವುಗಳ ಮೇಲೆ ಕಂದು ಪುಡಿ ಕೂತಿರುತ್ತಿತ್ತು, ವಾಲ್ವು ಕಾದ ಹಾಗೆ ಅದು ನಾತ ಬಿಡುತ್ತಿತ್ತು. ಉಗಾರ, ಶೇಡಬಾಳ ಕಡೆಯ ತೋಟದ ಮನೆಗಳಿಂದ ಬಂದವುಗಳಲ್ಲಿ ಬೆಲ್ಲದ ಗಾಣದ ಒಲೆಯಿಂದ ಹಾರಿದ ಕರಿ ಬೂದಿ. ಹೊಳೆದಂಡೆಯವು ನೆರೆ ಬರದಿದ್ದರೂ ತೇವ ಕುಡಿದಿರುತ್ತಿದ್ದವು. ರಾಯಬಾಗದ ಸೆಟ್ಟುಗಳದ್ದು ಇನ್ನೊಂದೇ ಕಥೆ. ಗೋಣಿಚೀಲದಲ್ಲಿ ಸುತ್ತಿ, ಮಿರಜ–ಲೋಂಡಾ ಮೀಟರ್ ಗೇಜ್ ಗಾಡಿಯಲ್ಲಿ ತೊಡೆಯ ಮೇಲೆ ಇಟ್ಟುಕೊಂಡು, ಚಿಕ್ಕೋಡಿ ರೋಡ್‌ನಲ್ಲಿ ಇಳಿದು (ಹೆಸರಿಗೆ ಚಿಕ್ಕೋಡಿ ರೋಡ್, ಊರು ಅಲ್ಲಿಂದ ಇನ್ನೂ ದೂರ) ಬಸ್ಸು ಹಿಡಿದು ತರುವಷ್ಟರಲ್ಲಿ ವಾಲ್ವುಗಳು ಸಾಕೆಟ್ಟಿನಲ್ಲಿ ಸಡಿಲಾಗಿರುತ್ತಿದ್ದವು. ಕೆಲವಕ್ಕೆ ಮನೆಯಲ್ಲಿದ್ದ ದೋಷ ದಾರಿಯ ಅಲುಗಾಟಕ್ಕೇ ಸರಿಹೋಗಿರುತ್ತಿತ್ತು. ಅಂಥದ್ದಕ್ಕೆ ಕಾಕಾ ಚಹಾದ ಹೊರತು ಏನೂ ತೆಗೆದುಕೊಳ್ಳುತ್ತಿರಲಿಲ್ಲ.

ಅಥಣಿಯಿಂದ ಬರುತ್ತಿದ್ದ ಟ್ರಾನ್ಸಿಸ್ಟರುಗಳನ್ನಂತೂ ದೂರದಿಂದಲೇ ಗುರುತು ಹಿಡಿಯಬಹುದಿತ್ತು. ಕಂಪನಿಯ ತೆಳ್ಳನೆಯ ಕವಚ ಹರಿದ ಮೇಲೆ ಅಲ್ಲಿಯ ಚಪ್ಪಲಿ ಹೊಲಿಯುವವರ ಕೈಯಲ್ಲಿ ದಪ್ಪ ಚರ್ಮದ್ದೊಂದು ಹೊಲಿಸಿಕೊಂಡು ಬರುತ್ತಿದ್ದರು. ಅಂಚಿನಲ್ಲಿ ಚಪ್ಪಲಿಗೆ ಹಾಕುವ ಹೊಲಿಗೆಯೇ. ಕೊಲ್ಹಾಪುರಿ ಎಂದು ಲೋಕಕ್ಕೆಲ್ಲ ಗೊತ್ತಾದ ಚಪ್ಪಲಿಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜತೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಪಟ್ಟಿಯಲ್ಲಿ ಬಂದವು. ಆ ರೇಡಿಯೊ ಚೀಲಗಳಿಗೆ ಯಾರೂ ಮಾನ್ಯತೆ ಕೊಡಲಿಲ್ಲ. ರೇಡಿಯೊ ಸತ್ತ ಮೇಲೂ ಚೀಲ ಗಟ್ಟಿಯಾಗಿರುತ್ತಿತ್ತು. ಅದರಲ್ಲಿ ಎಲೆ ಅಡಕೆ ಇಟ್ಟುಕೊಂಡು ಓಡಾಡುವವರಿದ್ದರು.

ನೆರೆಯ ರೇಡಿಯೊಗೆ ಬರೋಣ. ನೆನೆದ ಸೆಟ್ಟನ್ನು ಪ್ಲಗ್ಗಿಗೆ ಹಾಕಿ ನೋಡುವ ಆಸೆಯನ್ನು ಮೊದಲು ಹತ್ತಿಕ್ಕಬೇಕು. ಮೇಲೆ ಒಣಗಿ ಕಂಡರೂ ಟ್ರಾನ್ಸ್‌ಫಾರ್ಮರಿನ ಸುತ್ತುಗಳ ನಡುವಿನ ಕಾಗದದಲ್ಲಿ ನೀರು ಕೂತೇ ಇರುತ್ತದೆ. ಕರೆಂಟು ಕೊಟ್ಟ ಕ್ಷಣ ಉಳಿಯಬಹುದಾಗಿದ್ದ ತಂತಿಯೂ ಹೋಗುತ್ತದೆ. ಹೊಳೆಯ ರೇವೆ ಬೇರೆ ತನ್ನೊಳಗೆ ತೇವ ಹಿಡಿದುಕೊಂಡಿರುತ್ತದೆ. ಹಾಗಾಗಿ ಮಾಸ್ತರು ಪೆಟ್ಟಿಗೆಯನ್ನು ಹಾಗೇ ಬಿಸಿಲಿಗೆ ಇಡದೆ, ಬಿಚ್ಚಿ ರೇವೆ ತೆಗೆದು ಆಮೇಲೆ ಒಣಗಿಸಲು ಕೂತರು.

ಮೊದಲು ಕಿವಿಗಳು. ನಾಲ್ಕು ಗುಬ್ಬಿಗಳಲ್ಲಿ ಎರಡು ಎಳೆದರೆ ಬರುವಂಥವು, ಎರಡಕ್ಕೆ ಪಕ್ಕದಲ್ಲಿ ಸಣ್ಣ ತಿರುಪು. ಆ ತಿರುಪಿನ ತೂತಿಗೆ ಮೇಣ ತುಂಬಿತ್ತು. ಮೇಣ ಕೆರೆದರೆ ತುಕ್ಕು, ತುಕ್ಕಿಗೆ ಒಂದು ಹನಿ ಎಣ್ಣೆ, ಒಂದು ರಾತ್ರಿ ಕಾಯುವಿಕೆ. ಮೇಣಕ್ಕೆ ಕಾರಣ ಇದೆ. ಎಸಿ, ಡಿಸಿ ಎರಡರಲ್ಲೂ ಓಡುವ ಸೆಟ್ಟುಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಮನೆಯ ಕರೆಂಟು ನೇರ ಚಾಸಿಗೇ ಬಂದಿರುತ್ತದೆ. ತಿರುಪನ್ನು ಮುಟ್ಟಿದವನು ಕರೆಂಟನ್ನೇ ಮುಟ್ಟಿದ ಲೆಕ್ಕ. ಈ ಸೆಟ್ಟು ಎಸಿಯದ್ದೇ ಆದರೂ ಯಾರೋ ಜಾಗ್ರತೆಗೆ ಮೇಣ ಹಾಕಿದ್ದರು.

ಹಿಂದಿನ ಹಲಗೆ ರೊಟ್ಟಿನದ್ದು. ನೀರು ಕುಡಿದು ಉಬ್ಬಿ, ಒಣಗಿ, ಮುಟ್ಟಿದಲ್ಲಿ ಪದರ ಪದರವಾಗಿ ಕಿತ್ತು ಬಂತು. ಒಳಗೆ ಚಾಸಿಯ ಮೇಲೆ ಬೆರಳ ದಪ್ಪ ರೇವೆ, ಅದರಲ್ಲಿ ಒಂದು ಸಣ್ಣ ಬಸವನಹುಳುವಿನ ಚಿಪ್ಪು. ಹಸಿರು ಕಣ್ಣಿನ ಕ್ಲಿಪ್ಪಿನ ಹಿಂದೆ ಒಡೆದ ಹಲ್ಲಿಮೊಟ್ಟೆಯ ಚಿಪ್ಪುಗಳು ನೆರೆಯಲ್ಲೂ ಅಲುಗದೆ ಅಂಟಿಕೊಂಡಿದ್ದವು. ಪೆಟ್ಟಿಗೆಯ ಒಳಮೈಗೆ ಮೊಳೆ ಹೊಡೆದು ಸಿಕ್ಕಿಸಿದ ಪ್ಲಾಸ್ಟಿಕ್ ಚೀಲದಲ್ಲಿ ಅಂಟಿ ಮುದ್ದೆಯಾದ ಒಂದು ಪುಸ್ತಕ. ರೇಡಿಯೊ ಲೈಸೆನ್ಸು.

ಈಗಿನ ಮಕ್ಕಳು ನಂಬುವುದಿಲ್ಲ: ಮನೆಯಲ್ಲಿ ರೇಡಿಯೊ ಇಡಲು ಪೋಸ್ಟ್ ಆಫೀಸಿನಿಂದ ಲೈಸೆನ್ಸ್ ತೆಗೆಯಬೇಕಿತ್ತು. 1885ರ ಟೆಲಿಗ್ರಾಫ್ ಕಾಯ್ದೆಯ ಪ್ರಕಾರ ರೇಡಿಯೊ ಕೂಡ ಒಂದು ತಂತಿ ಉಪಕರಣ. ವರ್ಷಕ್ಕೆ 15 ರೂಪಾಯಿ ಕಟ್ಟಿ ಪುಸ್ತಕದಲ್ಲಿ ಸ್ಟಾಂಪು ಹಚ್ಚಿಸಿಕೊಂಡು ಬರಬೇಕು. ಈ ಪದ್ಧತಿ ಪೂರ್ತಿ ಹೋದದ್ದು 1980ರ ದಶಕದ ನಡುವಿಗೆ. ತಪಾಸಣೆಗೆ ಬಂದಿದ್ದಾರೆ ಎಂಬ ಗುಲ್ಲು ಎದ್ದರೆ ಓಣಿಯ ಎಷ್ಟೋ ರೇಡಿಯೊಗಳು ಕೌದಿಯ ಕೆಳಗೆ ಮಲಗುತ್ತಿದ್ದವು. ಅಜ್ಜ ಮಾತ್ರ ಕಟ್ಟುನಿಟ್ಟು. ಪುಸ್ತಕವನ್ನು ಪೆಟ್ಟಿಗೆಯೊಳಗೇ ನೇತುಹಾಕಿದ್ದು ಬಂದವರಿಗೆ ಅಲ್ಲಿಯೇ ತೋರಿಸಲು.

ಡಯಲಿನ ಗಾಜನ್ನು ಒದ್ದೆ ಬಟ್ಟೆಯಿಂದ ಒರೆಸಬಾರದು ಎನ್ನುವುದು ಕಾಕಾ ಕಲಿಸಿದ ಪಾಠಗಳಲ್ಲಿ ಬೈಗುಳದೊಂದಿಗೆ ಬಂದದ್ದು. ಅಕ್ಷರಗಳನ್ನು ಗಾಜಿನ ಒಳಮೈಗೆ ಅಚ್ಚು ಹಾಕಿರುತ್ತಾರೆ. ಉತ್ಸಾಹದಿಂದ ಒರೆಸಿದರೆ ಊರುಗಳೆಲ್ಲ ಬಟ್ಟೆಗೆ ಬರುತ್ತವೆ. ಇಲ್ಲಿ ಆ ಕೆಲಸವನ್ನು ಕೃಷ್ಣೆ ಅರ್ಧ ಮಾಡಿಯಾಗಿತ್ತು. ಬಾಂಬೆ ಉಳಿದಿತ್ತು, ಸಿಲೋನ್ ಅರ್ಧ ಉಳಿದಿತ್ತು, ದೆಹಲಿ ಪೂರ್ತಿ ಹೋಗಿತ್ತು. ಧಾರವಾಡ ಆ ಗಾಜಿನ ಮೇಲೆ ಎಂದೂ ಇರಲೇ ಇಲ್ಲ. ಅದಕ್ಕೆ ಅಜ್ಜ ಗಾಜಿನ ಕೆಳಗಿನ ಮರದ ಪಟ್ಟಿಯಲ್ಲಿ ಚಾಕುವಿನಿಂದ ಗೀರು ಹಾಕಿದ್ದರು. ಅಂಥ ಗೀರುಗಳು ಮೂರು.

ಮೊದಲನೆಯದು ಧಾರವಾಡ. ಆ ಕೇಂದ್ರ ಶುರುವಾದದ್ದು 1950ರ ಜನವರಿ 8ರಂದು. ಆಗ ಧಾರವಾಡವೂ ಬೆಳಗಾವಿಯೂ ಮುಂಬಯಿ ಪ್ರಾಂತ್ಯದಲ್ಲಿ. ಬೇಂದ್ರೆ, ಮಲ್ಲಿಕಾರ್ಜುನ ಮನ್ಸೂರರು ಸಲಹೆಗಾರರಾಗಿದ್ದ, ಎನ್ಕೆಯವರು ನಾಟಕ ಮಾಡಿಸುತ್ತಿದ್ದ ಕೇಂದ್ರ. ಅಜ್ಜನಿಗೆ ಮಾತ್ರ ಅಲ್ಲಿಂದ ಬೇಕಾದದ್ದು ವಾರ್ತೆ, ರೈತರ ಕಾರ್ಯಕ್ರಮ ಮತ್ತು ಎಂದಾದರೂ ಬಂದರೆ ಗೀಗೀ ಪದ. ಎರಡನೆಯ ಗೀರು ಸಾಂಗ್ಲಿಯದ್ದು, 1963ರ ನಂತರದ್ದು. ಗಡಿ ದಾಟಿದರೆ ಮಿರಜ, ಮಿರಜ ದಾಟಿದರೆ ಸಾಂಗ್ಲಿ. ಆ ಕೇಂದ್ರ ಕಾಗವಾಡ ಸೀಮೆಯಲ್ಲಿ ಏರಿಯಲ್ ಇಲ್ಲದೆಯೂ ಹಿಡಿಯುತ್ತಿತ್ತು. ಅಜ್ಜಿ ಬೆಳಗ್ಗೆ ಅಭಂಗಕ್ಕೆ ಮುಳ್ಳನ್ನು ಅಲ್ಲಿಗೇ ತಿರುಗಿಸುತ್ತಿದ್ದರು. ಮೂರನೆಯದು ಶಾರ್ಟ್‌ವೇವ್ ಪಟ್ಟಿಯ ಮೇಲೆ, ಮಾಸ್ತರ ಅಪ್ಪನ ತಮ್ಮ ಕದ್ದು ಕೊರೆದದ್ದು, ರೇಡಿಯೊ ಸಿಲೋನ್‌ಗೆ. 1952ರಲ್ಲಿ ಬಿ.ವಿ. ಕೇಸ್ಕರ್ ವಾರ್ತಾ ಮಂತ್ರಿಯಾಗಿ ಆಕಾಶವಾಣಿಯಿಂದ ಸಿನಿಮಾ ಹಾಡುಗಳನ್ನು ಬಹುಮಟ್ಟಿಗೆ ಹೊರಗಟ್ಟಿದರು, ಅದೇ ವರ್ಷ ಕೊಲಂಬೊದಿಂದ ಅಮೀನ್ ಸಯಾನಿಯ ಬಿನಾಕಾ ಗೀತ್‌ಮಾಲಾ ಶುರುವಾಯಿತು. ಬುಧವಾರ ರಾತ್ರಿ ಎಂಟಕ್ಕೆ ದೇಶದ ಯುವಕರೆಲ್ಲ ಸಮುದ್ರದಾಚೆಗೆ ಕಿವಿ ಕೊಟ್ಟರು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಬಂದರೂ ಬುಧವಾರದ ಚಾಳಿ ಬಿಡಲಿಲ್ಲ. ಬೆಳಗಾವಿ ಸೀಮೆಯ ಹಳಬರು ಇನ್ನೊಂದನ್ನೂ ಸೇರಿಸುತ್ತಾರೆ: ಪಣಜಿಯಿಂದ ಪೋರ್ಚುಗೀಸರು ನಡೆಸುತ್ತಿದ್ದ ಎಮಿಸೊರಾ ದೆ ಗೋವಾ. 1961ರ ಡಿಸೆಂಬರ್‌ನಲ್ಲಿ ಗೋವಾ ವಿಮೋಚನೆಯೊಂದಿಗೆ ಅದರ ಕಾಲ ಮುಗಿಯಿತು.

ಇಷ್ಟೆಲ್ಲ ಕೇಳಿಸುತ್ತಿದ್ದ ರೇಡಿಯೊದಲ್ಲಿ ಅಜ್ಜನ ಭಜನಾ ಮೇಳದವರಿಗೆ ಒಂದು ತಕರಾರಿತ್ತು. ಆಕಾಶವಾಣಿಯಲ್ಲಿ ಹಾರ್ಮೋನಿಯಂ ಇಲ್ಲ. 1940ರಲ್ಲಿ ಬಿದ್ದ ನಿಷೇಧ 1971ರವರೆಗೆ ಸಡಿಲಾಗಲೇ ಇಲ್ಲ. ಪೇಟಿ ಇಲ್ಲದೆ ಭಜನೆಯೇ ಇಲ್ಲ, ನಾಟಕವೇ ಇಲ್ಲ ಎನ್ನುವ ಈ ಸೀಮೆಗೆ ಅದು ಅರ್ಥವಾಗುವ ಮಾತೂ ಆಗಿರಲಿಲ್ಲ.

1956ರ ನವೆಂಬರ್ 1ಕ್ಕೆ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಅಲ್ಲಿಂದ ಮುಂದೆ ಡಯಲಿನ ಮೇಲೆ ಎರಡು ಇಂಚು ಆಚೆ ಈಚೆ ಸರಿದರೂ ಅದಕ್ಕೊಂದು ಅರ್ಥ ಹಚ್ಚುವವರು ಹುಟ್ಟಿಕೊಂಡರು. 1966ರಲ್ಲಿ ಮಹಾಜನ ಆಯೋಗ ನೇಮಕವಾಯಿತು. ಮರುವರ್ಷ ವರದಿ ಬಂದು, ಬೆಳಗಾವಿ ಕರ್ನಾಟಕಕ್ಕೆ, ನಿಪ್ಪಾಣಿ ಮಹಾರಾಷ್ಟ್ರಕ್ಕೆ ಎಂದು ಅದು ಸೂಚಿಸಿದ ಸುದ್ದಿಗೆ ಪಡಸಾಲೆ ತುಂಬಿತ್ತು ಎಂದು ಮಾಸ್ತರು ನೆನೆಯುತ್ತಾರೆ. ಕನ್ನಡದ ವಾರ್ತೆ ಮುಗಿದ ಕೂಡಲೇ ಯಾರೋ ಒಬ್ಬರು ಎದ್ದು ಮರಾಠಿ ಬಾತಮಿಗೆ ತಿರುಗಿಸುತ್ತಿದ್ದರು. ಎರಡನ್ನೂ ಕೇಳಿದ ಮೇಲೆಯೇ ಜಗಳ ಶುರು. ಒಂದನ್ನೇ ಕೇಳಿ ಜಗಳಾಡುವವರು ಆಗ ಕಡಿಮೆ ಇದ್ದರು ಎನ್ನುವುದು ಅವರ ಅಭಿಪ್ರಾಯ. ಒಪ್ಪುವುದು ಬಿಡುವುದು ಓದುವವರಿಗೆ ಬಿಟ್ಟದ್ದು.

ಆ ಮೊದಲೆರಡು ಗೀರುಗಳಲ್ಲಿ ಒಂದು ಸೂಕ್ಷ್ಮವಿದೆ. 1978ರ ನವೆಂಬರ್ 23ರಂದು ಜಿನೀವಾ ಒಪ್ಪಂದದಂತೆ ಏಷ್ಯಾ, ಯುರೋಪ್, ಆಫ್ರಿಕಾಗಳ ಮೀಡಿಯಂ ವೇವ್ ಕೇಂದ್ರಗಳನ್ನೆಲ್ಲ 9 ಕಿಲೊಹರ್ಟ್ಸ್ ಅಂತರದ ಹೊಸ ಪಟ್ಟಿಗೆ ಕೂರಿಸಿದರು. ಧಾರವಾಡದ 765, ಸಾಂಗ್ಲಿಯ 1251 ಎರಡೂ ಒಂಬತ್ತರಿಂದ ಭಾಗವಾಗುವುದು ಅದಕ್ಕೇ. ಅದಕ್ಕೂ ಮುಂಚೆ ಕೊರೆದ ಗೀರಿನ ಮೇಲೆ ಮುಳ್ಳು ನಿಲ್ಲಿಸಿದರೆ ಧ್ವನಿ ಒಂದು ಕೂದಲೆಳೆ ಪಕ್ಕದಲ್ಲಿ ಇರುತ್ತದೆ.

ಚಾಸಿ ಹೊರಗೆ ಬರಬೇಕಾದರೆ ಪೆಟ್ಟಿಗೆಯ ತಳದ ನಾಲ್ಕು ಬೋಲ್ಟು ಬಿಚ್ಚಬೇಕು, ಸ್ಪೀಕರಿನ ಎರಡು ತಂತಿ ಕಾಯಿಸಿ ಬಿಡಿಸಬೇಕು, ಹಸಿರು ಕಣ್ಣನ್ನು ಕ್ಲಿಪ್ಪಿನಿಂದ ಜಾರಿಸಬೇಕು. ಬೋಲ್ಟಿನ ಕೆಳಗಿನ ರಬ್ಬರು ಕಲ್ಲಾಗಿತ್ತು. ಪಾನಾ ಪಕ್ಕಡ ಹಿಡಿದು ಎಳೆಯುವ ಮೊದಲು ಮುಖ್ಯವಾದೊಂದು ಕೆಲಸ ಇರುತ್ತದೆ, ಅವಸರದವರು ಅದನ್ನು ಬಿಟ್ಟು ವಾರಗಟ್ಟಲೆ ಹಣೆ ಚಚ್ಚಿಕೊಳ್ಳುತ್ತಾರೆ: ಡಯಲ್ ದಾರದ ದಾರಿಯನ್ನು ಕಾಗದದ ಮೇಲೆ ಬರೆದುಕೊಳ್ಳುವುದು. ಕಿವಿಯ ಕಡ್ಡಿಗೆ ಎಷ್ಟು ಸುತ್ತು, ಯಾವ ರಾಟೆಯ ಮೇಲಿಂದ, ಯಾವುದರ ಕೆಳಗಿಂದ, ಗ್ಯಾಂಗ್ ಕಂಡೆನ್ಸರಿನ ದೊಡ್ಡ ಚಕ್ರದೊಳಗಿನ ಸ್ಪ್ರಿಂಗಿಗೆ ಯಾವ ತುದಿ. ಕಾಕಾ ಇದನ್ನು ಸಿಗರೇಟು ಪಾಕೀಟಿನ ಒಳಬದಿಯಲ್ಲಿ ಬರೆಯುತ್ತಿದ್ದರು; ಅಂಗಡಿಯ ಗೋಡೆಗೆ ಅಂಥ ಹತ್ತಾರು ಚಿತ್ರ ಚುಚ್ಚಿದ್ದವು. ಸುತ್ತು ತಿರುವುಮುರುವು ಆದರೆ ರೇಡಿಯೊ ಹಾಡುತ್ತದೆ, ಆದರೆ ಮುಳ್ಳು ಬಾಂಬೆ ಕಡೆಗೆ ಹೊರಟರೆ ಸ್ಟೇಷನ್ನು ಇನ್ನೊಂದು ದಿಕ್ಕಿಗೆ ಹೋಗುತ್ತದೆ.

ಚಾಸಿಯನ್ನು ಬೋರಲು ಹಾಕಿದಾಗ ಮಾಸ್ತರಿಗೆ ಕುರ್ಚಿ ಎಳೆದುಕೊಂಡು ಕೂರುವ ಮನಸ್ಸಾಯಿತು. ಮೇಲಿನಿಂದ ಕಾಣುವುದು ಕಾರ್ಖಾನೆಯ ರೇಡಿಯೊ. ಕೆಳಗಿನಿಂದ ಕಾಣುವುದು ಅದನ್ನು ರಿಪೇರಿ ಮಾಡಿದವರು. ಕಾರ್ಖಾನೆಯ ಬೆಸುಗೆ ಎಲ್ಲ ಕಡೆ ಒಂದೇ ಗಾತ್ರ, ತಂತಿ ಟ್ಯಾಗಿಗೆ ಪೂರ್ತಿ ಸುತ್ತಿರುತ್ತದೆ. ಆಮೇಲಿನ ಕೈಗಳು ಬೇರೆ ಬೇರೆ. ಒಬ್ಬರು ಸೀಸವನ್ನು ಗುಡ್ಡೆ ಹಾಕಿದ್ದರು. ಇನ್ನೊಬ್ಬರು ಹಳೆಯ ಕಂಡೆನ್ಸರನ್ನು ತೆಗೆಯದೆ, ಅದರ ಕಾಲನ್ನೇ ಕತ್ತರಿಸಿ ಹೊಸದನ್ನು ಕೊಂಡಿ ಮಾಡಿ ತೂಗುಹಾಕಿದ್ದರು. ಮಿರಜದ ಕೆಲಸವೋ ಕೊಲ್ಹಾಪುರದ್ದೋ, ಅಂತೂ ಗಿರಾಕಿ ನಿಂತೇ ಇದ್ದ ಗಡಿಬಿಡಿಯದ್ದು. ಇಎಲ್ 84ರ ಮೇಲೆ ಬಿಇಎಲ್ ಎಂದು ಅಚ್ಚಿತ್ತು. 1954ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ರೇಡಿಯೊ ವಾಲ್ವು ತಯಾರಿಸತೊಡಗಿದ್ದು 1961ರಲ್ಲಿ. ಅಂದರೆ ಇದು ಬದಲಿ ವಾಲ್ವು. ಅಂದು ರಿಪೇರಿ ಅಂಗಡಿಯಲ್ಲಿ ಫಾರಿನ್ ವಾಲ್ವು ಇಲ್ಲದಿದ್ದರೆ ಇದೇ ಇರಲಿ ಎಂದು ಗಿರಾಕಿ ಒಲ್ಲದ ಮನಸ್ಸಿನಿಂದ ಒಪ್ಪುತ್ತಿದ್ದ ಬಿಇಎಲ್ ವಾಲ್ವುಗಳನ್ನು ಇಂದು ಹೊರದೇಶದ ಗಿಟಾರ್ ಆಂಪ್ಲಿಫೈಯರ್‌ನವರು ಹುಡುಕಿ ಕೊಳ್ಳುತ್ತಾರೆ.

ಮತ್ತೆ, ಒಂದು ಮೂಲೆಯಲ್ಲಿ, ಹುಡುಕಿದರೆ ಮಾತ್ರ ಕಾಣುವ ಹಾಗೆ, ರೆಸಿಸ್ಟರಿನ ಕಾಲಿಗೆ ಹಳದಿ ಸ್ಲೀವು ಹಾಕಿ ಟ್ಯಾಗಿಗೆ ಪೂರ್ತಿ ಸುತ್ತಿ ಮಾಡಿದ ಬೆಸುಗೆಗಳಿದ್ದವು. ಕಾರ್ಖಾನೆಯದ್ದೇ ಎನ್ನುವಷ್ಟು ಅಚ್ಚುಕಟ್ಟು. ಆದರೆ ಆ ಹಳದಿ ಸ್ಲೀವನ್ನು ಮಾಸ್ತರು ಎಲ್ಲಿದ್ದರೂ ಗುರುತು ಹಿಡಿಯುತ್ತಾರೆ. ಅದನ್ನು ಸಣ್ಣಗೆ ಕತ್ತರಿಸಿ ಡಬ್ಬಿ ತುಂಬಿಡುವುದು ಚಿಕ್ಕೋಡಿಯ ಅಂಗಡಿಯಲ್ಲಿ ಅವರದ್ದೇ ಕೆಲಸವಾಗಿತ್ತು. ಅಜ್ಜ ಈ ಸೆಟ್ಟನ್ನು ಕಾಕಾ ಬಳಿಗೆ ಎಂದು ಒಯ್ದಿದ್ದರೋ ಮನೆಯಲ್ಲಿ ಯಾರಿಗೂ ನೆನಪಿಲ್ಲ.

ಎಲ್ಲಕ್ಕಿಂತ ಮೊದಲು ಬದಲಿಸಬೇಕಾದ ಬಿಡಿಭಾಗ ಯಾವುದೆಂದು ಕೇಳಿದರೆ ಹಳೆಯ ಮೆಕ್ಯಾನಿಕ್‌ಗಳೆಲ್ಲ ಒಂದನ್ನೇ ತೋರಿಸುತ್ತಾರೆ. ಇಬಿಸಿ 81ರಿಂದ ಇಎಲ್ 84ಕ್ಕೆ ದನಿ ದಾಟಿಸುವ 0.01 ಮೈಕ್ರೊಫ್ಯಾರಡ್‌ನ ಕಾಗದದ ಕಂಡೆನ್ಸರ್. ಅದರ ಒಂದು ಕಡೆ ಹತ್ತಾರು ವೋಲ್ಟ್ ಡಿಸಿ. ಇನ್ನೊಂದು ಕಡೆ ಅದು ಒಂದು ಹನಿಯೂ ದಾಟಬಾರದು, ದನಿ ಮಾತ್ರ ದಾಟಬೇಕು. ಕಾಗದ ತೇವ ಹಿಡಿದರೆ ಸೋರುತ್ತದೆ. ಸೋರಿಕೆ ಬರೀ 5 ಮೈಕ್ರೊ ಆಂಪಿಯರ್ ಎಂದೇ ಇಟ್ಟುಕೊಳ್ಳಿ, ಗ್ರಿಡ್ಡಿನ 6.8 ಲಕ್ಷ ಓಮ್ ರೆಸಿಸ್ಟರಿನ ಮೇಲೆ ಅದು 3.4 ವೋಲ್ಟ್ ಆಗುತ್ತದೆ. ಏಳು ವೋಲ್ಟಿನ ಆಸುಪಾಸು ಋಣದಲ್ಲಿ ನಿಲ್ಲಬೇಕಾದ ಗ್ರಿಡ್ಡು ಅರ್ಧಕ್ಕೆ ಬರುತ್ತದೆ, ವಾಲ್ವು ಮಿತಿಮೀರಿ ಕರೆಂಟು ಎಳೆಯುತ್ತದೆ, ಒಳಗಿನ ತಗಡು ಕೆಂಪಗೆ ಕಾಯುತ್ತದೆ, ಕೊನೆಗೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಕೆಲವೇ ರೂಪಾಯಿಯ ವಸ್ತು ಸಾವಿರಾರು ರೂಪಾಯಿಯದ್ದನ್ನು ಕೊಲ್ಲುತ್ತದೆ. ಮೇಲೆ ಮೇಣ ಮೆತ್ತಿದ ಅಂಥ ಕಂಡೆನ್ಸರುಗಳು ನೆರೆಯಲ್ಲಿ ನೆನೆಯದಿದ್ದರೂ ಅರವತ್ತು ವರ್ಷದಲ್ಲಿ ಸೋರಿಯೇ ಇರುತ್ತವೆ. ಮಾಸ್ತರು ಕಾಗದದವನ್ನೆಲ್ಲ ಕಿತ್ತು 630 ವೋಲ್ಟಿನ ಹೊಸ ಫಿಲ್ಮ್ ಕಂಡೆನ್ಸರು ಹಾಕಿದರು. ವಾಲ್ವಿನಂಥ ಹಳೆಯ ಮಾಲಿಗೆ ಬೆಂಗಳೂರಿನ ಎಸ್.ಪಿ. ರಸ್ತೆ ಅಥವಾ ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಜಾಲಾಡಬೇಕು; ಇದೊಂದು ಎಲ್ಲಾದರೂ ಸಿಗುತ್ತದೆ.

ಟ್ರಾನ್ಸ್‌ಫಾರ್ಮರುಗಳನ್ನು ಚಾಸಿಯ ಸಮೇತ ಮಾಳಿಗೆಯ ಮೇಲೆ ಬಿಸಿಲಿಗೆ ಇಟ್ಟರು. ಪೆಟ್ಟಿಗೆಯ ಮೇಲ್ಪದರ ಎದ್ದಲ್ಲೆಲ್ಲ ಅಂಟು ಹಾಕಿ ಭಾರ ಹೇರಿದರು. ಪಾಲಿಶ್‌ಗೆ ಅರಗು ಕರಗಿಸಿದ ಸ್ಪಿರಿಟ್ಟನ್ನೇ ಬಟ್ಟೆಯ ಉಂಡೆಯಲ್ಲಿ ತಿಕ್ಕಿದರು. ಮಿರಜದ ಸಿತಾರಿನವರು ಕುಂಬಳಕಾಯಿಯ ಬುರುಡೆಗೆ ತಿಕ್ಕುವುದೂ ಅದನ್ನೇ. ಸ್ಪೀಕರಿನ ಕಾಗದದ ಕೋನು ಮಾತ್ರ ನೀರಿನಲ್ಲಿ ಕರಗಿ ಉಳಿದದ್ದು ತಗಡಿನ ಚೌಕಟ್ಟು. ಅದಕ್ಕೆ ಉಪಾಯವಿಲ್ಲ, ಅದೇ ಅಳತೆಯ ಇನ್ನೊಂದು ಹಾಕಬೇಕಾಯಿತು.

ಊರಿಗೆ ಕರೆಂಟು ಬರುವ ಮೊದಲು ಚಾವಡಿಯಲ್ಲಿ ಕೂರುತ್ತಿದ್ದ ಸೆಟ್ಟುಗಳಲ್ಲಿ ಇಷ್ಟೆಲ್ಲ ತೊಡಕಿರಲಿಲ್ಲ ಎಂದು ಕಾಕಾ ಹೇಳುತ್ತಿದ್ದರು. ಡಿಕೆ 96, ಡಿಎಲ್ 96ರಂಥ ಪುಟ್ಟ ವಾಲ್ವುಗಳ ಎಳೆಗೆ ಒಂದೂವರೆ ವೋಲ್ಟ್ ಸಾಕು. ಮೇಲಿನ ಕೆಲಸಕ್ಕೆ 90 ವೋಲ್ಟಿನ ಡ್ರೈ ಬ್ಯಾಟರಿ ಪ್ಯಾಕು. ಬ್ಯಾಟರಿ ಇಳಿದರೆ ಊರಿಗೇ ಸುದ್ದಿ ಬಂದ್. ಸಾರ್ವಜನಿಕ ಸೆಟ್ಟುಗಳನ್ನು ಹಳ್ಳಿಗಳಿಗೆ ಹಂಚಿ ನೋಡಿಕೊಳ್ಳಲು ಮುಂಬಯಿ ಸರ್ಕಾರ ಪ್ರತ್ಯೇಕ ವ್ಯವಸ್ಥೆಯನ್ನೇ ಇಟ್ಟಿತ್ತು. 1956ರಲ್ಲಿ ಅದೇ ರಾಜ್ಯದ ಐದು ಮರಾಠಿ ಜಿಲ್ಲೆಗಳ 150 ಹಳ್ಳಿಗಳಲ್ಲಿ ಯುನೆಸ್ಕೊ ನೆರವಿನ ರೈತ ರೇಡಿಯೊ ಕೂಟಗಳ ಪ್ರಯೋಗ ನಡೆಯಿತು. ಹಳ್ಳಿಗರು ಗುಂಪಾಗಿ ಕೂತು ಕೇಳಿ, ಚರ್ಚಿಸಿ, ಪ್ರಶ್ನೆಗಳನ್ನು ಬರೆದು ಕಳಿಸುತ್ತಿದ್ದರು.

ಕೊನೆಗೆ ಸೀರೀಸ್ ಬಲ್ಬು. ಹೋಲ್ಡರಿಗೆ 100 ವಾಟಿನ ಹಳೆಯ ಬಲ್ಬು ಹಾಕಿ, ರೇಡಿಯೊಗೆ ಹೋಗುವ ಕರೆಂಟನ್ನು ಅದರ ಮೂಲಕವೇ ಹಾಯಿಸುವುದು. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ರೇಡಿಯೊ ಬದುಕುತ್ತದೆ. ಸರಿಯಿದ್ದರೆ ಒಮ್ಮೆ ಮಿನುಗಿ ಮಂಕಾಗುತ್ತದೆ. ಮೊದಲ ಸಲ ಬಲ್ಬು ಮಂಕಾಯಿತು, ಆದರೆ ಸ್ಪೀಕರಿನಲ್ಲಿ ಗುಂಯ್ ಎಂಬ ನಾದ ಬಿಟ್ಟು ಬೇರೇನೂ ಇಲ್ಲ. ಅದು ಫಿಲ್ಟರ್ ಕಂಡೆನ್ಸರಿನ ದೋಷ; 350 ವೋಲ್ಟಿನ ಹೊಸದನ್ನು ಹಾಕಿದ ಮೇಲೆ ನಿಂತಿತು. ಆಮೇಲೆ ಕಾಕಾನ ಕ್ರಮ: ಹಿಂದಿನಿಂದ ಮುಂದಕ್ಕೆ. ವಾಲ್ಯೂಮಿನ ಟ್ಯಾಗಿಗೆ ಸ್ಕ್ರೂಡ್ರೈವರ್ ತುದಿ ತಾಗಿಸಿದಾಗ ಸ್ಪೀಕರ್ ಗುರ್ ಎಂದರೆ ಅಲ್ಲಿಂದ ಸ್ಪೀಕರಿನವರೆಗೆ ಸರಿ. ಇಎಫ್ 89ರ ಗ್ರಿಡ್ಡಿಗೆ ತಾಗಿಸಿದಾಗ ಕಟ್ ಎಂದರೆ ಅಲ್ಲಿಯವರೆಗೂ ಸರಿ. ಹೀಗೆ ಒಂದೊಂದೇ ಮೆಟ್ಟಿಲು ಏರಿಯಲ್ ತನಕ. ಒಂದು ಕೈ ಕಿಸೆಯಲ್ಲೇ ಇರಬೇಕು. 250 ವೋಲ್ಟು ಎರಡು ಕೈಗಳ ನಡುವೆ ಎದೆ ಹಾಯ್ದು ಹೋಗಬಾರದಲ್ಲ.

ಏರಿಯಲ್‌ಗೆ ಮಾಳಿಗೆಯ ಮೇಲೆ ತಂತಿ ಎಳೆದರು. ಅಂಗಳದ ಎರೆಮಣ್ಣಿನಲ್ಲಿ ಅಜ್ಜ ಉಪ್ಪು ಇದ್ದಿಲು ಹಾಕಿ ಹೂತಿದ್ದ ಅರ್ಥಿನ ತಗಡು ಇನ್ನೂ ಇತ್ತು, ಅದಕ್ಕೇ ಸೇರಿಸಿದರು. ಮುಳ್ಳು ತಿರುಗಿಸಿದರೆ ಡಯಲಿನ ತುಂಬ ಗರಗರ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ಪಕ್ಕದ ಮನೆಯ ಇನ್ವರ್ಟರು, ಒಂದೊಂದೂ ಮೀಡಿಯಂ ವೇವ್‌ಗೆ ಶತ್ರು. ಮಾಸ್ತರು ಮನೆಯ ಮೇನ್ ಒಂದನ್ನೇ ಬಿಟ್ಟು ಉಳಿದ ಸ್ವಿಚ್ಚುಗಳನ್ನೆಲ್ಲ ಬಂದ್ ಮಾಡಿಸಿದರು. ಮಗನ ಮೊಬೈಲ್ ಚಾರ್ಜರು ಕಿತ್ತದ್ದಕ್ಕೆ ಅವನು ಗೊಣಗಿದ. ಗರಗರ ಇಳಿಯಿತು, ಎರಡನೆಯ ಗೀರಿನ ಹತ್ತಿರ ಮರಾಠಿ ಮಾತು ಕೇಳಿತು. ಹಸಿರು ಕಣ್ಣು ಅರ್ಧ ಮುಚ್ಚಿತು.

ಮೊದಲ ಗೀರಿಗೆ ಬಂದಾಗ ಧಾರವಾಡ ಹಿಡಿಯಿತು, ಸ್ವಲ್ಪ ಪಕ್ಕದಲ್ಲಿ. "ಸೆಟ್ಟಾ ಸರಿ ಐತ್ರಿ, ಅಜ್ಜ ಹಾಕಿದ ಗೆರಿನ ತಪ್ಪೈತಿ," ಎಂದಳು ಸೊಸೆ. 1978ರ ಕಥೆ ಹೇಳುವಷ್ಟರಲ್ಲಿ ಆಕೆ ಒಳಗೆ ಹೋಗಿಯಾಗಿತ್ತು.

ಶಾರ್ಟ್‌ವೇವ್ ಪಟ್ಟಿ ಮಾತ್ರ ಇನ್ನೂ ಎದ್ದಿಲ್ಲ. ಬ್ಯಾಂಡ್ ಸ್ವಿಚ್ಚಿನ ಬೆಳ್ಳಿ ಲೇಪದ ಎಲೆಗಳಲ್ಲಿ ಎರಡನ್ನು ತುಕ್ಕು ತಿಂದಿದೆ, ಆಸಿಲೇಟರ್ ಕಾಯಿಲಿನ ಸಣ್ಣ ತಂತಿ ಎಲ್ಲೋ ತುಂಡಾಗಿದೆ. ಅದೇ ನಮೂನೆಯ ಸ್ವಿಚ್ಚು ಮಿರಜದ ಗುಜರಿಯಲ್ಲೊಂದು ಇದೆ ಎಂದು ಯಾರೋ ಹೇಳಿದ್ದಾರೆ. ಅಷ್ಟರಲ್ಲಿ ಮಾಸ್ತರು ರೇಡಿಯೊ ಎಬ್ಬಿಸಿದ ಸುದ್ದಿ ಹೊಳೆಸಾಲಿಗೆ ಹಬ್ಬಿ, ಯಡೂರ ಕಡೆಯವರೊಬ್ಬರು ನೆರೆಯಲ್ಲಿ ನೆನೆದ ಮತ್ತೊಂದು ಸೆಟ್ಟನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಬಂದಿದ್ದಾರೆ. ಎಸಿ ಡಿಸಿ ಸೆಟ್ಟು, ಟ್ರಾನ್ಸ್‌ಫಾರ್ಮರ್ ಇಲ್ಲ. "ತರೋಕಿಂತ ಮೊದಲ ಹಚ್ಚಿ ನೋಡೀರೇನ್ರಿ?" ಎಂದು ಮಾಸ್ತರು ಕೇಳಿದರು. ಬಂದವರು ಹೌದೆಂದರು, ಫ್ಯೂಜು ಎರಡು ಸಲ ಹೋಯಿತೆಂದರು.